ಪರದೆಯ ಕೆಳಗಿನ ಬೆಕ್ಕು

ಪರದೆಯ ಅಂಚು ಅಲುಗಿತು. ಕೆಳಗಿನಿಂದ ಬೆಕ್ಕು ತಲೆ ಹೊರಗೆ ಹಾಕಿತು. ಎದುರಿನ ಕಾಲುದಾರಿಯಲ್ಲಿ ಮಂಡಿಯೂರಿ ಕಾಯುತ್ತಿದ್ದ ಕೃಷ್ಣಪ್ಪ ಕ್ಯಾಮೆರಾದ ಗುಂಡಿ ಒತ್ತಿದ. ಬೆಕ್ಕಿನ ಬಾಯಲ್ಲಿ ಹುರಿದ ಬಂಗುಡೆಯ ಅರ್ಧ ಭಾಗವಿತ್ತು.

ರಂಜಾನ್ ತಿಂಗಳ ಮಧ್ಯಾಹ್ನ. ಉಪವಾಸವಿಲ್ಲದವರು ಬೀದಿಗೆ ಕಾಣದಂತೆ ಊಟ ಮಾಡಲಿ ಎಂದು ದುಬೈಯ ನೈಫ್ ಪೇಟೆಯ ಆ ಕೆಫೆಟೇರಿಯದವರು ಬಾಗಿಲಿಗೆ ನೀಲಿ ಪರದೆ ಇಳಿಬಿಟ್ಟಿದ್ದರು. ಅದೇ ಊರಿನ ಊದ್ ಮೇಥಾದಲ್ಲಿ ಕರಾವಳಿಯವರ ಸಂಘ ಫೋಟೊ ಸ್ಪರ್ಧೆ ಇಟ್ಟಿತ್ತು; ವಿಷಯ ‘ಇಣುಕು’. ಎಸಿಯ ತೂತಿನಿಂದ ಇಣುಕುವ ಪಾರಿವಾಳ, ಎರಡು ಕಟ್ಟಡಗಳ ಸಂದಿಯಲ್ಲಿ ಇಣುಕುವ ಕ್ರೀಕ್‌ನ ನೀರು, ಬಟ್ಟೆಯ ಥಾನುಗಳ ನಡುವಿನಿಂದ ಇಣುಕುವ ದರ್ಜಿ, ಎಲ್ಲವನ್ನೂ ಕೃಷ್ಣಪ್ಪ ತೆಗೆದಾಗಿತ್ತು. ಫೋಟೊದಲ್ಲಿ ಯಾರದಾದರೂ ಮುಖ ಕಂಡರೆ ಅವರ ಒಪ್ಪಿಗೆ ಬೇಕೆಂಬುದು ನಿಯಮ. ದರ್ಜಿ ಕೊಡಲಿಲ್ಲ. ಬೆಕ್ಕಿನ ವಿಷಯದಲ್ಲಿ ಆ ತಕರಾರಿರಲಿಲ್ಲ. ಅದರ ಹಿಂದೆ, ಪರದೆಯ ನೆರಳಿನಲ್ಲಿ, ಮೀನಿನ ಇನ್ನೊಂದು ತುಂಡು ಹಿಡಿದ ಕೈಯೊಂದು ಕಾಣುತ್ತಿತ್ತು. ನಿಯಮದಲ್ಲಿ ಕೈಯ ಬಗ್ಗೆ ಏನೂ ಇರಲಿಲ್ಲ.

ಫೋಟೊ ಹೇಗಿದೆ ಎಂದು ಕೇಳಿ ಅವನು ಪರಿಚಯದವರಿಗೆಲ್ಲ ವಾಟ್ಸಾಪ್ ಮಾಡಿದ. ಮೊದಲ ಉತ್ತರ ಬಂದದ್ದು ಉಳ್ಳಾಲದಿಂದ, ಹಲೀಮಳ ಧ್ವನಿಯಲ್ಲಿ. ಕೃಷ್ಣಪ್ಪ ಕೆಲಸ ಮಾಡುವ ಬಟ್ಟೆಯಂಗಡಿಯಲ್ಲೇ ಸೇಲ್ಸ್‌ಮನ್ ಆಗಿರುವ ಉಮ್ಮರಬ್ಬನ ಹೆಂಡತಿ ಅವಳು.

“ಕೃಷ್ಣಪ್ಪಣ್ಣ, ಬೆಕ್ಕು ಭಾರೀ ಚಂದ ಉಂಟು. ಹಿಂದೆ ಒಂದು ಕೈ ಕಾಣ್ತದಲ್ಲ? ಅದರಲ್ಲಿರುವ ಉಂಗುರ ನಾನು ತೆಗೆಸಿಕೊಟ್ಟದ್ದು. ಆ ಬಂಗುಡೆ ಬೆಕ್ಕಿನ ಬಾಯಿಗೆ ಹೇಗೆ ಹೋಯ್ತು ಅಂತ ಸ್ವಲ್ಪ ಕೇಳಿ ಹೇಳಿ.”

ಉಮ್ಮರಬ್ಬನಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಇನ್ಸುಲಿನ್. ಹಿಂದಿನ ರಂಜಾನಿನಲ್ಲಿ ಇನ್ಸುಲಿನ್ ತೆಗೆದುಕೊಂಡೂ ಉಪವಾಸ ಹಿಡಿದು, ಅಂಗಡಿಯ ಥಾನುಗಳ ನಡುವೆ ಪ್ರಜ್ಞೆ ತಪ್ಪಿ ಬಿದ್ದಿದ್ದ. ಈ ಸಲ ಉಪವಾಸ ಕೂಡದೆಂದು ಡಾಕ್ಟರು ಹೇಳಿದ್ದರು. ಮಧ್ಯಾಹ್ನ ಊಟ ಮಾಡಬೇಕೆಂದು ಹಲೀಮ ಗಂಡನಿಂದ ಮಾತು ತೆಗೆದುಕೊಂಡಿದ್ದಳು. ದಿನವೂ ಸುದ್ದಿ ಮುಟ್ಟಿಸುವ ಕೆಲಸ ಕೃಷ್ಣಪ್ಪನದು. ಗೋದಾಮಿನಲ್ಲಿ ಕೂತು ತನ್ನ ಬುತ್ತಿ ಬಿಚ್ಚುತ್ತ ಅವನು ಕಳಿಸುತ್ತಿದ್ದ ಸಂದೇಶದಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ: ‘ಇವತ್ತೂ ಪರದೆ ಒಳಗೆ ಹೋದರು.’ ಒಳಗೆ ಏನಾಯಿತೆಂದು ಅವನು ನೋಡಿರಲಿಲ್ಲ, ಬರೆದೂ ಇರಲಿಲ್ಲ.

ಅಂಗಡಿಯಲ್ಲಿ ಹಲೀಮಳ ಸಂದೇಶ ಕೇಳಿಸಿಕೊಂಡ ಉಮ್ಮರಬ್ಬ ಉಂಗುರದ ಕೈಯನ್ನು ಜೇಬಿಗೆ ಹಾಕಿಕೊಂಡ.

“ಇಡೀ ದುಬೈಯಲ್ಲಿ ನಿಮಗೆ ಬೇರೆ ಬೆಕ್ಕು ಸಿಗಲಿಲ್ವಾ ಮಾರಾಯ್ರೆ?”

“ನೈಫ್‌ನ ಎಲ್ಲ ಬೆಕ್ಕಿನದ್ದೂ ತೆಗೆದಿದ್ದೇನೆ. ರಂಜಾನಿನಲ್ಲಿ ದಪ್ಪ ಆದದ್ದು ಇದೊಂದೇ. ನನಗೆ ಆಗಲೇ ಗೊತ್ತಾಗಬೇಕಿತ್ತು.”

“ಸ್ಪರ್ಧೆಗೆ ಕಳಿಸ್ಬೇಡಿ. ಸಂಘದ ಗೋಡೆ ಮೇಲೆ ನನ್ನ ಕೈ ನೇತಾಡುವುದು ಬೇಡ.”

“ಕೈ ಇರಲಿ. ಮತ್ತೊಮ್ಮೆ ಬಿದ್ರೆ ಎತ್ತುವವನು ನಾನು. ಇದ್ದ ಮಾತು ಹೇಳಿ, ಎಂತಕ್ಕೆ ತಿನ್ನುವುದಿಲ್ಲ?”

ಉಮ್ಮರಬ್ಬ ಕೌಂಟರಿನ ಮೇಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

“ಸಂಜೆ ಎಲ್ಲರೂ ಚಾಪೆ ಹಾಸಿ ಕೂರ್ತಾರೆ. ಮಸೀದಿಯಲ್ಲಿ ಬಾಂಗು ಆಗ್ತದೆ. ಮಧ್ಯಾಹ್ನ ಹೊಟ್ಟೆ ತುಂಬ ತಿಂದವನು ಆಗ ಖರ್ಜೂರಕ್ಕೆ ಹೇಗೆ ಕೈ ಹಾಕುವುದು?”

“ನಾನು ದಿನಾ ಮಧ್ಯಾಹ್ನ ತಿಂದು, ಸಂಜೆ ನೀವು ಕರೆದ್ರಿ ಅಂತ ಅದೇ ಚಾಪೆಗೆ ಬರ್ತೇನೆ. ನನ್ನ ಕೈಗೆ ಮೊದಲು ಖರ್ಜೂರ ಹಾಕುವುದು ಯಾರು?”

ಉಮ್ಮರಬ್ಬ ಬಟ್ಟೆಯನ್ನು ಮತ್ತೆ ಬಿಚ್ಚಲಿಲ್ಲ.

ಕೃಷ್ಣಪ್ಪ ಇದ್ದದ್ದನ್ನು ತಿಳಿಸಿದ ಮೇಲೆ ಹಲೀಮಳ ತೀರ್ಪು ರಾತ್ರಿಯೇ ಬಂತು. ‘ನಾಳೆಯಿಂದ ನೀವೂ ಪರದೆ ಒಳಗೆ ಕೂರಿ. ನನಗೆ ಫೋಟೊ ಬೇಕು.’

ಮರುದಿನ ಇಬ್ಬರೂ ಮೂಲೆಯ ಮೇಜಿನಲ್ಲಿ ಕೂತರು. ಮುಖ ಬೇಡವೆಂದು ಉಮ್ಮರಬ್ಬ ಮೊದಲೇ ಹೇಳಿದ. ಕೃಷ್ಣಪ್ಪ ನಿಯಮದಂತೆ ಒಪ್ಪಿಕೊಂಡ. ಮೊದಲ ತುತ್ತು ಬಾಯಿಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಎರಡನೆಯದಕ್ಕೆ ಅಷ್ಟು ಹಿಡಿಯಲಿಲ್ಲ. ಮೂರನೆಯದು ಹೋಗುವ ಹೊತ್ತಿಗೆ ಪರದೆ ಅಲುಗಿ, ಕೆಳಗಿನಿಂದ ಬೆಕ್ಕಿನ ತಲೆ ತೂರಿ ಬಂತು. ಈ ಸಲ ಅದು ಬೀದಿಯಿಂದ ಒಳಗೆ ಇಣುಕುತ್ತಿತ್ತು. ದಿನದ ಅಭ್ಯಾಸದಂತೆ ಉಮ್ಮರಬ್ಬನ ಕಾಲ ಬಳಿ ಬಂದು ನಿಂತು ಕಾದಿತು.

“ಹೋಗು, ಮಾಫಿ, ಏನೂ ಇಲ್ಲ. ಇವತ್ತಿಂದ ಖಲಾಸ್,” ಎಂದ ಉಮ್ಮರಬ್ಬ ತಲೆಯೆತ್ತದೆ. ಬೆಕ್ಕು ಪರದೆಯವರೆಗೆ ಹಿಂದೆ ಸರಿದು, ಅಲ್ಲಿಂದಲೇ ಮುಖವನ್ನಷ್ಟೇ ಒಳಗಿಟ್ಟು ಪೆಚ್ಚಾಗಿ ನೋಡಿತು.

ಊಟ ಮುಗಿದಾಗ ಕೃಷ್ಣಪ್ಪ ಕ್ಯಾಮೆರಾವನ್ನು ಮೇಜಿನ ಮಟ್ಟಕ್ಕೆ ಇಳಿಸಿದ. ಮುಂದೆ ಮೀನಿನ ಮುಳ್ಳು ಮಾತ್ರ ಉಳಿದಿದ್ದ ತಟ್ಟೆ, ಹಿಂದೆ ನೀಲಿ ಪರದೆಯ ಕೆಳಗಿನ ಬೆಕ್ಕು. ಕೈಯೂ ಇರಲಿಲ್ಲ. ಹಳೆಯ ಫೋಟೊ ಅಳಿಸಿ ಸ್ಪರ್ಧೆಗೆ ಇದನ್ನೇ ಆರಿಸಿದ, ಉಳ್ಳಾಲಕ್ಕೂ ಕಳಿಸಿದ.

ಕೈ ತೊಳೆದು ಬರುವಷ್ಟರಲ್ಲಿ ಹಲೀಮಳ ಉತ್ತರ ಬಂದಿತ್ತು.

“ತಟ್ಟೆ ಖಾಲಿ ಮಾಡಿ ತೋರಿಸ್ಲಿಕ್ಕೆ ಯಾರಿಗೂ ಬರ್ತದೆ ಕೃಷ್ಣಪ್ಪಣ್ಣ. ಬೆಕ್ಕಿನ ಮುಖ ನೋಡಿ ನಂಬಿದೆ.”