ಲೆಕ್ಕಕ್ಕೆ ಬಾರದ ಏಣಿ

ಚಿಕ್ಕ ಅಲೆಗೇ ಏಣಿ ಕಿತ್ತುಬಂತು. ದೊಡ್ಡ ಅಲೆ ಇನ್ನೂ ತೊಟ್ಟಿಯ ಆ ತುದಿಯಲ್ಲಿತ್ತು. ಎಂಜಿನಿಯರ್ ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದ. ಸಮುದ್ರದಲ್ಲಿ ಎಣ್ಣೆ ತೆಗೆಯುವ ಪ್ಲಾಟ್‌ಫಾರ್ಮಿನ ಮಾದರಿ ಅದು, ಎತ್ತರ ಅವನ ಸೊಂಟದಷ್ಟು. ಅದರ ಕಾಲಿಗೆ ಬಡಿದ ನೀರು ಸರ್ರನೆ ಮೇಲಕ್ಕೆ ಚಿಮ್ಮಿ, ಕ್ರೇನಿಗೆ ಹತ್ತುವ ಕಡ್ಡಿಯಂಥ ಏಣಿಯನ್ನು ಎತ್ತಿ ಒಗೆದಿತ್ತು. ಆಮೇಲೆ ದೊಡ್ಡ ಅಲೆ ನಿಧಾನವಾಗಿ ಬಂದು, ಅಂಚಿನಲ್ಲಿದ್ದ ಆ ಕ್ರೇನನ್ನೇ ಮುರಿದು ನೀರಿಗೆ ಕೆಡವಿತು.

ನಿಜವಾದ ಕ್ರೇನ್ ಬಿದ್ದದ್ದು ಹೋದ ವರ್ಷ. ಅದರ ಜೊತೆಗೇ ನೀರುಪಾಲಾದ ಚಾಲಕನ ತಾಯಿ ಮತ್ತು ತಂಗಿ ಗೋಡೆ ಬದಿಯ ಬೆಂಚಿನ ಮೇಲೆ ಕೂತಿದ್ದರು. ಬಿರುಗಾಳಿ ಎದ್ದಾಗ ಇಳಿದು ಬಾ ಎಂದು ಮೈಕಿನಲ್ಲಿ ಕೂಗಿದೆವು, ಮಿಕ್ಕವರೆಲ್ಲ ದೋಣಿ ಹತ್ತಿದರು, ಅವನೊಬ್ಬ ಇಳಿಯಲಿಲ್ಲ ಎಂದು ಹೇಳಿ ಕಂಪನಿ ಕೈತೊಳೆದುಕೊಂಡಿತ್ತು. ಕಂಪ್ಯೂಟರಿನಲ್ಲಿ ಅದೇ ಅಲೆ ಎಬ್ಬಿಸಿ ನೋಡಿ, ಇಳಿಯಲು ಬೇಕಾದಷ್ಟು ಸಮಯವಿತ್ತು ಎಂದೂ ತೋರಿಸಿತ್ತು. ತಂಗಿ ಒಪ್ಪಲಿಲ್ಲ. ಕಂಡಕಂಡ ಕಚೇರಿಯ ಮೆಟ್ಟಿಲು ಸವೆಸಿ, ತನಿಖೆಯವರಿಂದ ಈ ಪ್ರಯೋಗ ಮಾಡಿಸುವ ತನಕ ಬಿಡಲಿಲ್ಲ.

ಕಂಪ್ಯೂಟರ್ ಸುಳ್ಳೇನೂ ಹೇಳಿರಲಿಲ್ಲ. ಅದರೊಳಗೆ ಏಣಿಯೇ ಇರಲಿಲ್ಲ, ಅಷ್ಟೆ. ಅಲೆಯ ಲೆಕ್ಕ ಹಾಕುವವರ ರೂಢಿಯೇ ಹಾಗೆ: ಭಾರ ಹೊರುವ ಕಾಲು, ತೊಲೆಗಳನ್ನು ಇಟ್ಟುಕೊಂಡು ಏಣಿ, ಕಂಬಿಗಳನ್ನು ಬಿಟ್ಟುಬಿಡುತ್ತಾರೆ. ಅಲೆಗಳಲ್ಲೂ ಎಲ್ಲಕ್ಕಿಂತ ದೊಡ್ಡದೊಂದನ್ನೇ ಆರಿಸುತ್ತಾರೆ. ಅದನ್ನೇ ತಡೆದುಕೊಂಡರೆ ಚಿಲ್ಲರೆ ಅಲೆಗಳು ಯಾವ ಲೆಕ್ಕ ಎಂಬ ಧೈರ್ಯ. ಎಂಜಿನಿಯರ್ ಕೂಡ ಆ ಜಾತಿಯವನೇ. ಆದರೆ ಈ ಸಲದ ಪ್ರಶ್ನೆ ಕಟ್ಟಡದ್ದಲ್ಲ, ಮನುಷ್ಯನದ್ದು. ಆದ್ದರಿಂದ ಮಾದರಿಗೆ ಏಣಿ ಹಾಕಿಸಿದ್ದ. ಆ ದಿನ ಬಂದ ಅಲೆಗಳನ್ನೆಲ್ಲ ಬಂದ ಸರದಿಯಲ್ಲೇ ಎಬ್ಬಿಸಿದ್ದ.

ಇನ್ನೊಮ್ಮೆ ಮಾಡಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ಹಳೆಯ ಅಲೆಯ ಅಲುಗಾಟ ಉಳಿದಿದ್ದರೆ ಹೊಸದು ಕೆಡುತ್ತದೆ.

"ನೀರು ಸುಮ್ಮನಾಗೋ ತನಕ ಕಾಯ್ಬೇಕಮ್ಮ," ಎಂದ ಅವನು.

"ನಮ್ಮ ಮೊಂಡನೂ ಹೀಗೇನಪ್ಪ, ಒಂದ್ಸಲ ಕೆರಳಿದ್ರೆ ಬೇಗ ತಣ್ಣಗಾಗ್ತಿರ್ಲಿಲ್ಲ," ಎಂದಳು ತಾಯಿ. "ಹೇಳಿದ ಮಾತು ಯಾವತ್ತು ಕೇಳಿದ್ದಾನೆ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಜ್ವರ ಇದೆ ಕಣೋ, ತಣ್ಣೀರು ಬೇಡ ಅಂದ್ರೆ ಒಂದು ಬಕೆಟ್ ಜಾಸ್ತಿ ಸುರ್ಕೊಳ್ಳೋನು. ಅಷ್ಟು ಜನ ಇಳಿ ಇಳಿ ಅಂತ ಬಡ್ಕೊಂಡ್ರಂತೆ, ಇಳಿಯೋಕೇನಾಗಿತ್ತು ಧಾಡಿ?"

"ಸಾಕಮ್ಮ," ಎಂದಳು ಮಗಳು. "ಬೆಳಗೆದ್ದ ತಕ್ಷಣ ಅಣ್ಣನ ಫೋಟೋ ಮುಂದೆ ನಿಂತು ಇದೇ ಜಗಳ."

"ಹೆತ್ತವಳು ನಾನು. ಬೈತೀನಿ."

ಎಂಜಿನಿಯರ್ ಅವಳತ್ತ ತಿರುಗಿ ನೋಡಿದ. ಸತ್ತ ಮಗನ ಮೇಲೆ ಇಷ್ಟು ಸಿಟ್ಟು ಹೊತ್ತುಕೊಂಡು ಈ ಹೆಂಗಸು ಹೇಗೆ ನಿದ್ದೆ ಮಾಡುತ್ತಾಳೋ. ಆ ಭಾರವೊಂದನ್ನು ಇವತ್ತು ಇಳಿಸಿ ಕಳಿಸಿದರೆ ತಾನು ಓದಿದ್ದಕ್ಕೂ ಸಾರ್ಥಕ ಎನಿಸಿತು. ನೀರು ಕನ್ನಡಿಯಂತಾದ ಮೇಲೆ ಕ್ರೇನ್, ಏಣಿಗಳನ್ನು ಹೊಸದಾಗಿ ಕೂರಿಸಿ ಮತ್ತೆ ಅಲೆ ಎಬ್ಬಿಸಿದ. ಅದೇ ಚಿಕ್ಕ ಅಲೆ, ಅದೇ ಏಣಿ. ಇನ್ನು ಅನುಮಾನವಿರಲಿಲ್ಲ.

"ಅಮ್ಮ, ನಿಮ್ಮ ಮಗ ಹಠ ಮಾಡ್ಲಿಲ್ಲ," ಎಂದು ಅವಳೆದುರು ಕುಕ್ಕರಗಾಲಿನಲ್ಲಿ ಕೂತು ಹೇಳಿದ. "ಅವರು ಮೈಕಲ್ಲಿ ಕೂಗಿದ್ದು ಈ ಚಿಕ್ಕ ಅಲೆ ಬಂದು ಹೋದ ಮೇಲೆ. ಕಂಪನಿಯವರೇ ಕೊಟ್ಟಿರೋ ಟೈಮ್ ಅದು. ಅಷ್ಟು ಹೊತ್ತಿಗೆ ಏಣಿ ಇರ್ಲಿಲ್ಲ. ಇಳಿಯೋಕೆ ಬೇರೆ ದಾರಿಯೂ ಇರ್ಲಿಲ್ಲ."

ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ನಾನು ಹೇಳ್ತಾನೇ ಇದ್ದೆ. ಅಣ್ಣಂದು ತಪ್ಪಿಲ್ಲ ಅಂತ ಹೇಳ್ತಾನೇ ಇದ್ದೆ." ಒಂದು ವರ್ಷದ ಅಳು ಒಟ್ಟಿಗೇ ಬಂತು. ಎಂಜಿನಿಯರನಿಗೂ ಕಣ್ಣು ಮಂಜಾಯಿತು. ತಾಯಿಯ ಮುಖದಲ್ಲೂ ಒಂದು ಸಮಾಧಾನ ಮೂಡೀತೆಂದು ಅವನು ಕಾದ.

ಅವಳು ಎದ್ದು ಹೋಗಿ ಗಾಜಿನ ಹತ್ತಿರ ನಿಂತಳು.

"ಕೂಗಿದ್ದು ಅವನಿಗೆ ಕೇಳಿಸಿತ್ತೇನಪ್ಪ?"

"ಕೇಳಿಸಿರುತ್ತಮ್ಮ."

"ಹಾಗಾದ್ರೆ ಇಳಿಯೋಣ ಅಂತ ಕ್ರೇನಿನ ಬಾಗಿಲಿಗೆ ಬಂದು, ಏಣಿ ಇಲ್ದಿರೋದು ನೋಡಿರ್ತಾನೆ."

ಮಗಳ ಬಿಕ್ಕು ಅಲ್ಲಿಗೇ ನಿಂತಿತು.

"ಇಷ್ಟು ದಿನ ಬೈಕೊಂಡು ಹೇಗೋ ಇದ್ದೆ ಕಣಪ್ಪ," ಎಂದಳು ತಾಯಿ. "ಬೈಯುವಾಗ ಎದುರಿಗೇ ನಿಂತು ಮುಖ ಗಂಟು ಹಾಕ್ಕೊಂಡಿದಾನೆ ಅನ್ಸೋದು. ನಾಳೆಯಿಂದ ಏನಂತ ಮಾತಾಡಿಸ್ಲಿ ಅವನ್ನ?"