ಅಮ್ಮನ ಹಿಂದೆ ಜೂಲಿಯನ್‌ಗೆ

ಟೋಪಿಗಳ ಸ್ಟ್ಯಾಂಡಿನ ಹಿಂದೆ ಸಂಹಿತಾ ಬಗ್ಗಿ ನಿಂತಳು. ರಸ್ತೆಯಾಚೆಯ, ಸೇಬಿನ ಪೈ ಮಾರುವ ಅಂಗಡಿಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲೇ ಕೂತು, ಅವಳ ಅಮ್ಮ ಜಯಮ್ಮ ಬಿದ್ದು ಬಿದ್ದು ನಗುತ್ತಿದ್ದಳು. ಎದುರಿಗೆ ಒಬ್ಬ ಗಂಡಸು. ಅರವತ್ತು ದಾಟಿರಬೇಕು. ಕೂದಲಿಗೆ ಹೊಸದಾಗಿ ಬಣ್ಣ, ಮೈಮೇಲೆ ಬ್ಲೇಜರ್.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಹೀಗೆ ನಕ್ಕಿದ್ದನ್ನು ಸಂಹಿತಾ ನೋಡಿರಲಿಲ್ಲ.

ಅನುಮಾನ ಶುರುವಾಗಿ ಒಂದು ತಿಂಗಳಾಗಿತ್ತು. ಸ್ಯಾನ್ ಡಿಯಾಗೋದ ಅವರ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಅಮ್ಮ ಬಾಗಿಲೆಳೆದುಕೊಂಡು ಫೋನಿನಲ್ಲಿ ಪಿಸುಗುಡುತ್ತಿದ್ದಳು. ಸೊರೆಂಟೊ ವ್ಯಾಲಿಯ ಆಫೀಸಿನಿಂದ ಮಗಳು ಬಂದ ಸದ್ದಾದರೆ ಮಾತು ಗಪ್‌ಚಿಪ್. ಬುಧವಾರ ಇದ್ದಕ್ಕಿದ್ದಂತೆ ಸುದ್ದಿ ಬಂತು.

"ಶನಿವಾರ ನಾವು ಹೆಂಗಸರೆಲ್ಲ ಜೂಲಿಯನ್‌ಗೆ ಹೋಗ್ತಾ ಇದೀವಿ ಕಣೇ. ಸೇಬಿನ ಸೀಸನ್ನು. ಪೈ ತಿಂದು, ನಾಲ್ಕು ಅಂಗಡಿ ಸುತ್ತಿ ಬರೋದು. ಐಶ್ವರ್ಯಾ ಕಾರಲ್ಲಿ."

ಗುರುವಾರ ಅದನ್ನೇ ಮತ್ತೆ ಹೇಳಿದಳು. ಶುಕ್ರವಾರ ಇನ್ನೊಮ್ಮೆ. ಅದೇ ಸಂಜೆ ಇಂಡಿಯನ್ ಸ್ಟೋರಿನಲ್ಲಿ ಸಿಕ್ಕ ಪಕ್ಕದ ಬ್ಲಾಕಿನ ಐಶ್ವರ್ಯಾ ಕಣ್ಣರಳಿಸಿದಳು. "ಯಾವ ಜೂಲಿಯನ್? ನಾಳೆ ನಮ್ಮನೇಲಿ ಪೂಜೆ."

ಬೆಳಿಗ್ಗೆ ಗೇಟಿನ ಮುಂದೆ ಬೆಳ್ಳಿ ಬಣ್ಣದ ಕಾರು ಬಂತು. ಅಮ್ಮ ರೇಷ್ಮೆ ಸೀರೆಯಲ್ಲಿ ಹತ್ತಿ ಕೂತಳು. ಸಂಹಿತಾ ತನ್ನ ಕಾರು ತೆಗೆದಳು. ಬೆಟ್ಟದ ತಿರುವುಗಳಲ್ಲಿ ದೂರದಿಂದಲೇ ಹಿಂಬಾಲಿಸಿದಳು. ಜೂಲಿಯನ್‌ನಲ್ಲಿ ಅವರು ಜಾಮ್ ಅಂಗಡಿಗೆ ಹೋದರು, ಹಳೆಯ ಸಾಮಾನಿನ ಅಂಗಡಿಗೆ ಹೋದರು, ಮೇಣದಬತ್ತಿಯ ಅಂಗಡಿಗೂ ಹೋದರು. ಬರಿಗೈಯಲ್ಲಿ ಅಂಗಡಿಯಿಂದ ಹೊರಬಂದೇ ಗೊತ್ತಿಲ್ಲದ ಅಮ್ಮ ಅಂದು ಒಂದು ಚಮಚವನ್ನೂ ಕೊಳ್ಳಲಿಲ್ಲ. ಇದ್ದದ್ದೇ ಒಂದು ದೊಡ್ಡ ಬೀದಿ. ಅದರಲ್ಲೇ ಮೇಲಕ್ಕೂ ಕೆಳಕ್ಕೂ ಅಡ್ಡಾಡಿದರು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಪ್ರೀತಿ ಕುರುಡು ಮಾಡಿದೆ ಎಂದುಕೊಂಡಳು ಸಂಹಿತಾ.

"ಅಯ್ಯೋ ಅಮ್ಮಾ!" ಬಾಯಿಂದ ಬಂದೇಬಿಟ್ಟಿತು. ಕಿಟಕಿಯಾಚೆ ಆ ಗಂಡಸು ತನ್ನ ತಟ್ಟೆಯ ಪೈಯನ್ನು ಅಮ್ಮನ ತಟ್ಟೆಗೆ ದಾಟಿಸುತ್ತಿದ್ದ.

"ನಿಮ್ಮ ಅಮ್ಮನಾ?" ಸ್ಟ್ಯಾಂಡಿನ ಇನ್ನೊಂದು ಪಕ್ಕದಿಂದ ಯಾರೋ ಕೇಳಿದರು.

ಸಂಹಿತಾ ಬೆಚ್ಚಿಬಿದ್ದಳು. ಜಾಮ್ ಅಂಗಡಿಯಲ್ಲೂ ಈ ಯುವಕ ಹಿಂದೆಯೇ ಇದ್ದ. "ನೀವು ನನ್ನನ್ನ ಫಾಲೋ ಮಾಡ್ತಾ ಇದೀರಾ?"

"ನಿಮ್ಮನ್ನಲ್ಲ ಕಣ್ರೀ. ಬ್ಲೇಜರ್ ಹಾಕಿರೋರು ನಮ್ಮಪ್ಪ."

ಅವನ ಹೆಸರು ರಜತ್. ಸ್ಯಾನ್ ಡಿಯಾಗೋದಿಂದ ಎರಡು ಗಂಟೆ ದೂರದ ಟೊರೆನ್ಸಿನಲ್ಲಿ ಉಪಗ್ರಹದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ತಾಯಿಯಿಲ್ಲ. ಇಬ್ಬರೂ ಪಕ್ಕದ ಕೆಫೆಯಲ್ಲಿ ಕಾವಲು ಕೂತರು.

"ಮನೆ ಹತ್ತಿರದ ರೆಡೊಂಡೊ ಬೀಚಿಗೆ ವಾಕಿಂಗ್ ಹೋಗ್ತೀನಿ ಅಂದ್ರು. ವಾಕಿಂಗಿಗೆ ಯಾರಾದ್ರೂ ಬ್ಲೇಜರ್ ಹಾಕ್ತಾರಾ? ಬೆನ್ನು ಹತ್ತಿದೆ. ಪುಣ್ಯಕ್ಕೆ ಅಪ್ಪ ಇವತ್ತು ತುಂಬ ನಿಧಾನವಾಗಿ ಡ್ರೈವ್ ಮಾಡಿದ್ರು. ಎಲ್ಲೂ ಮಿಸ್ ಆಗ್ಲಿಲ್ಲ."

"ಎಷ್ಟು ದಿನದಿಂದ ಇದು?"

"ಯಾರಿಗೆ ಗೊತ್ತು! ಮೊದಲೆಲ್ಲ ವಾರಕ್ಕೊಂದು ಹುಡುಗೀ ಫೋಟೋ ತೋರಿಸೋರು. ನಾನು ಒಂದನ್ನೂ ನೋಡ್ತಿರಲಿಲ್ಲ. ಈಗ ಆ ಮಾತೇ ಎತ್ತಲ್ಲ. ಯಾಕೆ ಅಂತ ಇವತ್ತು ಗೊತ್ತಾಯ್ತು."

ಸಂಹಿತಾಗೆ ನಗು ತಡೆಯಲಾಗಲಿಲ್ಲ. ಅವಳ ಮನೆಯಲ್ಲೂ ಅದೇ ಕಥೆ. ಕಾಫಿ ಮುಗಿಯಿತು, ಪೈ ಬಂತು. ಒಂದೇ ತಟ್ಟೆ, ಎರಡು ಫೋರ್ಕು. ಅವನ ಅಪ್ಪ ಸಾರಿಗೆ ಉಪ್ಪು ಹಾಕುವುದನ್ನು ಮರೆಯುವುದು, ಅವಳ ಅಮ್ಮ ಜಿಪಿಎಸ್ ಜೊತೆ ಜಗಳವಾಡುವುದು, ಎಲ್ಲ ಮಾತಿಗೆ ಬಂತು. ಮಾತಿನ ಭರದಲ್ಲಿ ಅವರಿಬ್ಬರೂ ಎದುರಿನ ಕಿಟಕಿಯನ್ನು ನೋಡುವುದನ್ನೇ ಮರೆತರು. ನೋಡಿದಾಗ ಮೇಜು ಖಾಲಿಯಾಗಿತ್ತು.

"ಹೋದ್ರು," ಎಂದ ರಜತ್. ಅವನ ದನಿಯಲ್ಲಿ ಗಾಬರಿಯೇನೂ ಇರಲಿಲ್ಲ. ಆಮೇಲೆ ಮೆಲ್ಲಗೆ, "ಅವರು ಮದುವೆ ಆದ್ರೆ ನಾವಿಬ್ಬರೂ ಏನಾಗ್ತೀವಿ, ಯೋಚನೆ ಮಾಡಿದೀರಾ?" ಎಂದು ಕೇಳಿದ.

ಸಂಹಿತಾ ಯೋಚಿಸಿದಳು. ಅಣ್ಣ, ತಂಗಿ. ಪೈ ತಟ್ಟೆಯನ್ನು ಅವನ ಕಡೆಗೆ ತಳ್ಳಿದಳು.

ರಜತ್ ಫೋರ್ಕನ್ನು ಕೆಳಗಿಟ್ಟ. "ಆದ್ರೂ ಅಪ್ಪ ಇಷ್ಟು ಖುಷಿಯಾಗಿದ್ದನ್ನ ನೋಡಿ ತುಂಬ ದಿನ ಆಗಿತ್ತು."

"ಅಮ್ಮನೂ."

ಇಬ್ಬರೂ ಬಿಲ್ಲು ಕೊಟ್ಟು ಎದ್ದರು. ಕಾರಿನ ತನಕ ಜೊತೆಯಲ್ಲಿ ನಡೆದರು. ಅವನು ನಂಬರ್ ಕೇಳಲಿಲ್ಲ. ಕೇಳದಿದ್ದದ್ದೇ ಸರಿ ಎಂದು ಸಂಹಿತಾ ಬೆಟ್ಟ ಇಳಿಯುವಷ್ಟು ಹೊತ್ತೂ ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳೆಂದು ಗೊತ್ತಿದ್ದೇ ಹೇಳಿಕೊಂಡಳು. ಇಷ್ಟು ವರ್ಷ ಬಂದ ಸಂಬಂಧಗಳನ್ನೆಲ್ಲ ಬೇಡ ಬೇಡ ಎಂದು ತಳ್ಳಿದ್ದಾಯಿತು. ಬೇಕೆನ್ನಿಸಿದ ಒಬ್ಬನೇ ಒಬ್ಬ ಅಣ್ಣನಾಗಲು ಹೊರಟಿದ್ದ.

ಮನೆಗೆ ಬಂದಾಗ ಅಮ್ಮ ಸೀರೆಯನ್ನೂ ಬದಲಾಯಿಸದೆ ಒಲೆಯ ಮುಂದೆ ಒಗ್ಗರಣೆ ಹಾಕುತ್ತಿದ್ದಳು. ಸಂಹಿತಾ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಇವತ್ತು ಹೇಳದಿದ್ದರೆ ನಾಳೆ ತನ್ನ ಸ್ವಾರ್ಥ ಬಾಯಿ ಕಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಅಮ್ಮ, ನಾನೂ ಜೂಲಿಯನ್‌ಗೆ ಬಂದಿದ್ದೆ. ಎಲ್ಲಾ ನೋಡಿದೆ. ಅಂಕಲ್ ಒಳ್ಳೆಯವರ ಹಾಗೆ ಕಾಣ್ತಾರೆ. ನೀನು ಒಂಟಿಯಾಗಿದ್ದಿದ್ದು ಸಾಕು. ಮದುವೆ ಆಗು. ಜನ ಏನಾದ್ರೂ ಅನ್ಲಿ, ನಾನು ನಿನ್ನ ಜೊತೆ ಇರ್ತೀನಿ."

ಜಯಮ್ಮ ಒಲೆ ಆರಿಸಿದಳು. ಮಗಳ ಹತ್ತಿರ ಬಂದು ಕೆನ್ನೆ ಸವರಿದಳು. ಅವಳ ಕಣ್ಣು ತುಂಬಿತ್ತು. ಮರುಕ್ಷಣವೇ ತಡೆಯಲಾಗದೆ ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು.

"ಹುಚ್ಚಿ! ಫೋನಲ್ಲಿ ಮಾತಾಡಿದ್ದು ಬಿಟ್ರೆ ಆ ನಂಜುಂಡಪ್ಪನವರ ಮುಖ ನೋಡಿದ್ದೇ ಇವತ್ತು. ಅದಿರಲಿ, ರಜತ್ ಹೇಗನ್ನಿಸಿದ ಹೇಳು?"