ಇಪ್ಪತ್ತೆಂಟು ಕಳೆದರೆ

ಮೆಕ್ಯಾನಿಕ್ ಗೇಟು ದಾಟುವುದನ್ನೇ ಕಾದಿದ್ದು ಗಡಿಯಾರದವನು ಅಂಗಿಯೊಳಗಿಂದ ತೂತು ಕೊರೆದ ಕಾಗದದ ಟೇಪಿನ ಸುರುಳಿ ತೆಗೆದ. "ನಾನು ಬರೋವರೆಗೆ ಏನೂ ಮುಟ್ಬೇಡ" ಎಂದು ಹೇಳಿ, ಸುಟ್ಟುಹೋದ ಪುಟ್ಟ ಬಲ್ಬಿಗೆ ಬದಲಿ ತರಲು ಹೋದವನು ಬರುವುದಕ್ಕೆ ಕಾಲು ಗಂಟೆ. ಅಷ್ಟರೊಳಗೆ ಕೆಲಸ ಮುಗಿಯಬೇಕು.

ಕಳ್ಳತನವೇನಲ್ಲ, ಉಪಕಾರ. ಆದರೂ ಇನ್ನೊಮ್ಮೆ ಗೇಟಿನತ್ತ ನೋಡಿದ.

ಕೋಣೆಯ ತುಂಬ ಇದ್ದದ್ದು ಒಂದು ಮಿನಿಕಂಪ್ಯೂಟರ್. ಹೆಸರಿಗೆ ಮಿನಿ, ಗಾತ್ರದಲ್ಲಿ ಎರಡು ಬೀರು. ಬಟ್ಟೆ ಗಿರಣಿ ಮುಚ್ಚಿದಾಗ ಗುಜರಿಗೆ ಹೋಗಬೇಕಿದ್ದದ್ದನ್ನು ಮೆಕ್ಯಾನಿಕ್ ಮನೆಗೆ ಹೊತ್ತು ತಂದಿದ್ದ. ಗಿರಣಿಯಲ್ಲಿ ಅವನು ಅದನ್ನು ರಿಪೇರಿ ಮಾಡುತ್ತಿದ್ದ, ಅವನ ಹೆಂಡತಿ ಅದನ್ನು ನಡೆಸುತ್ತಿದ್ದಳು. ಈಗಲೂ ಅದೇ. ಬುಧವಾರ ಅಂಗಡಿಗೆ ರಜೆಯಾದ್ದರಿಂದ ಗಡಿಯಾರದವನು ಬಂದು ಸಹಾಯಕ್ಕೆ ನಿಲ್ಲುತ್ತಿದ್ದ. ವಾಚಿನ ಹಲ್ಲುಚಕ್ರ ನೋಡಿ ನೋಡಿ ಸವೆದ ಅವನ ಕಣ್ಣಿಗೆ ಈ ಯಂತ್ರದ ಮಿಣುಕುದೀಪಗಳೆಂದರೆ ಪ್ರಾಣ.

ಮನೆಯ ಕಾನೂನುಗಳು ಮಾತ್ರ ವಿಚಿತ್ರ. ಮೊಬೈಲನ್ನು ಬಾಗಿಲ ಹೊರಗಿನ ಡಬ್ಬದಲ್ಲಿಟ್ಟು ಬರಬೇಕು. ಅದರ ತರಂಗಕ್ಕೆ ಹಳೆಯ ಮೆಮೊರಿ ಕೆಡುತ್ತದಂತೆ. ಕೆಡುವುದಿಲ್ಲವೆಂದು ಗಡಿಯಾರದವನಿಗೆ ಗೊತ್ತಿತ್ತು. ಪೇಪರು ತರಬಾರದು, ಧೂಳಂತೆ. ಮೊದಲು ಬರುತ್ತಿದ್ದ ಅಂಚೆಯವನು ಒಮ್ಮೆ ಮರೆತು ಕಂಕುಳಲ್ಲಿ ಪೇಪರು ಇಟ್ಟುಕೊಂಡು ಬಂದದ್ದಕ್ಕೆ ಅವನನ್ನು ಕತ್ತು ಹಿಡಿದು ನೂಕಿದ್ದಾಯಿತು. ಗೋಡೆಯ ಮೇಲೆ ಇಪ್ಪತ್ತೆಂಟು ವರ್ಷ ಹಳೆಯ ಕ್ಯಾಲೆಂಡರು. ಅದಕ್ಕೆ ಮಾತ್ರ ಕಾರಣವಿತ್ತು. ಯಂತ್ರದ ಸಾಫ್ಟ್‌ವೇರಿಗೆ ಈ ಶತಮಾನ ಗೊತ್ತಿಲ್ಲ, ಈಗಿನ ವರ್ಷ ಕೊಟ್ಟರೆ ಕೆಟ್ಟು ನಿಲ್ಲುತ್ತದೆ. ಇಪ್ಪತ್ತೆಂಟು ಕಳೆದು ಕೊಟ್ಟರೆ ವಾರವೂ ತಾರೀಖೂ ಸರಿಯಾಗಿ ಕೂಡುತ್ತವೆ. ಹಳೆಯ ಯಂತ್ರ ಸಾಕುವವರೆಲ್ಲ ಬಲ್ಲ ಉಪಾಯ.

"ಅದನ್ನ ಸರಿ ಮಾಡಬಹುದು" ಎಂದಾಗಲೆಲ್ಲ ಮೆಕ್ಯಾನಿಕ್ ಉರಿದುಬೀಳುತ್ತಿದ್ದ. "ವರ್ಷದ ತಂಟೆಗೆ ಹೋಗ್ಬೇಡ. ಹೇಗಿದೆಯೋ ಹಾಗೇ ಇರ್ಲಿ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಗಡಿಯಾರದವನ ಕನಿಕರವೆಲ್ಲ ಹೆಂಡತಿಯ ಮೇಲೆ. ಎಂಥ ಹೆಂಗಸು! ನೂರೆಂಟು ಕಮಾಂಡು ಬಾಯಿಪಾಠ. "ಮನುಷ್ಯರು ಸುಳ್ಳು ಹೇಳ್ತಾರೆ, ಇದು ಹೇಳಲ್ಲ" ಎಂದು ಯಂತ್ರದ ಬೆನ್ನು ತಟ್ಟುತ್ತಿದ್ದಳು. ಗಂಡ ಒಳಗೆ ಬಂದರೆ ಪ್ರತಿಸಲವೂ ಒಂದೇ ತಮಾಷೆ: "ತಲೆ ತುಂಬ ಹತ್ತಿ ಮೆತ್ಕೊಂಡಿದೀರಿ, ಕೊಡವಿಕೊಂಡು ಬರಬಾರ್ದಾ?" ಗಂಡ ನಗದೆ ತನ್ನ ಬಿಳಿಕೂದಲು ಕೊಡವಿಕೊಳ್ಳುತ್ತಿದ್ದ. ನಾಲ್ಕಾಗುವ ಮುಂಚೆ ಅವಳು ಹಾಲು ಕಾಯಿಸಲು ಏಳುತ್ತಿದ್ದಳು. ಹುಡುಗಿ ಸ್ಕೂಲಿಂದ ಬರುವ ಹೊತ್ತು. ಮೊಮ್ಮಗಳಿರಬೇಕು. ಗಡಿಯಾರದವನು ನೋಡಿದ್ದಿಲ್ಲ, ಹಾಲು ಕಾಯುವುದರೊಳಗೆ ಮೆಕ್ಯಾನಿಕ್ ಅವನನ್ನು ಸಾಗಹಾಕುತ್ತಿದ್ದ. ಪೇಪರಿಲ್ಲ, ಫೋನಿಲ್ಲ, ಬಂದುಹೋಗುವವರಿಲ್ಲ. ಹುಚ್ಚು ಗಂಡನದು, ಪಾಡು ಇವಳದು. ವರ್ಷ ಸರಿಹೋದರೆ ಆ ಹಾಳು ಕ್ಯಾಲೆಂಡರಾದರೂ ಇಳಿದೀತು ಎಂದು ನಾಲ್ಕು ತಿಂಗಳು ಕೂತು ತಿದ್ದುಪಡಿ ಬರೆದು ಯಂತ್ರ ಓದುವ ಟೇಪಿಗೆ ಇಳಿಸಿದ್ದ.

ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯ ಸದ್ದಾಯಿತು. ಟೇಪು ಹಾಕುವ ಮೊದಲು, ಮೆಮೊರಿಯಲ್ಲಿ ತಿದ್ದಬೇಕಾದ ಜಾಗವನ್ನು ಸ್ವಿಚ್ಚುಗಳಿಂದ ತೆರೆದು ನೋಡಿದ. ಅಲ್ಲಿರುವುದನ್ನು ತೋರಿಸುವ ದೀಪಗಳು ಹತ್ತಿದವು. ಇನ್ನೊಮ್ಮೆ ನೋಡಿದ.

ತಿದ್ದುಪಡಿ ಆಗಲೇ ಅಲ್ಲಿತ್ತು. ತನ್ನದಕ್ಕಿಂತ ಅಚ್ಚುಕಟ್ಟಾಗಿ, ಎಂದೋ ಮಾಡಿಟ್ಟದ್ದು. ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಹಾಗಾದರೆ ಮೆಕ್ಯಾನಿಕ್ ಇಷ್ಟು ದಿನ ಹೇಳಿದ್ದು ಸುಳ್ಳು. ಯಾಕೆ?

ಸಿಟ್ಟಿನಲ್ಲೇ ಯಂತ್ರದ ಪ್ರೋಗ್ರಾಮನ್ನು ಚಾಲೂ ಮಾಡಿದ. ಚಾಲೂ ಆದೊಡನೆ ಅದು ಮೊದಲು ಕೇಳುವುದೇ ತಾರೀಖು. ಅವನು ಇವತ್ತಿನ ದಿನವನ್ನು, ಇವತ್ತಿನ ವರ್ಷವನ್ನೇ ಒತ್ತಿದ. ಯಂತ್ರ ಕೊಸರಾಡಲಿಲ್ಲ. ಟಕಟಕನೆ ಕಾಗದದ ಮೇಲೆ ಅಚ್ಚೊತ್ತಿತು.

"ನಾನಿಲ್ದೆ ನೀನೇ ಶುರು ಮಾಡ್ಬಿಟ್ಯಾ?" ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಕಾಗದ ಹರಿದುಕೊಂಡು ಓದಿ ನಕ್ಕಳು. "ಏನಪ್ಪ, ವರ್ಷ ತಪ್ಪು ಹಾಕಿದೀಯ."

"ತಪ್ಪಲ್ಲಮ್ಮ, ಸರಿಯಾಗೇ ಇದೆ." ಗಡಿಯಾರದವನಿಗೆ ಹೆಮ್ಮೆ. "ನೀವೇ ಹೇಳ್ತೀರಲ್ಲ, ಇದು ಸುಳ್ಳು ಹೇಳಲ್ಲ ಅಂತ."

ಅವಳ ನಗು ನಿಂತಿತು. ಕಾಗದ ನೋಡಿದಳು. ಕಾಗದ ಹಿಡಿದ ಕೈಯ ಸುಕ್ಕು ನೋಡಿದಳು.

ಬಾಗಿಲಲ್ಲಿ ಬಲ್ಬು ಬಿದ್ದು ಒಡೆಯಿತು. ಮೆಕ್ಯಾನಿಕ್ ಓಡಿ ಬಂದು ಕಾಗದ ಕಸಿದುಕೊಂಡ. ತಡವಾಗಿತ್ತು. ಅವಳು ಅವನ ತಲೆಯನ್ನೇ ನೋಡುತ್ತಿದ್ದಳು. ಈ ಸಲ ತಮಾಷೆ ಮಾಡಲಿಲ್ಲ. ಕೈಯೆತ್ತಿ ಆ ಬಿಳಿಯನ್ನು ಒರೆಸಿದಳು. ಅದು ಹೋಗಲಿಲ್ಲ.

"ರೀ, ನಾಲ್ಕು ಹೊಡೀತಲ್ಲ," ಅಂದಳು. "ಹುಡುಗಿ ಯಾಕಿನ್ನೂ ಬಂದಿಲ್ಲ?"

ಗಡಿಯಾರದವನಿಗೆ ಏನೂ ಅರ್ಥವಾಗಲಿಲ್ಲ. ಗಡಿಬಿಡಿಯಲ್ಲಿ ಹಳೆಯ ವರ್ಷವನ್ನು ಒತ್ತಿದ. ಯಂತ್ರ ಅದನ್ನೂ ಅಚ್ಚೊತ್ತಿತು. ಯಾರೂ ನೋಡಲಿಲ್ಲ.

"ಯಂತ್ರಕ್ಕೆ ಯಾವ ವರ್ಷ ಕೊಟ್ರೂ ಆಗುತ್ತೆ ಕಣೋ," ಮೆಕ್ಯಾನಿಕ್ ಅವನತ್ತ ತಿರುಗದೆಯೇ ಹೇಳಿದ. ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಆಗದೇ ಇದ್ದದ್ದು ಇವಳಿಗೆ."

ಆಮೇಲೆ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಎರಡೂ ಕೈ ಹಿಡಿದುಕೊಂಡು, ಮಗಳು ಇಪ್ಪತ್ತೇಳು ವರ್ಷದ ಹಿಂದೆಯೇ ತೀರಿಕೊಂಡ ಸುದ್ದಿಯನ್ನು ಒಂಬತ್ತನೆಯ ಸಲ ಮೊದಲಿನಿಂದ ಹೇಳತೊಡಗಿದ.